ಕೆಳಗಿನ ಎಡ ಮೂಲೆ

ಫೆಬ್ರವರಿ 18, ಮಂಗಳವಾರ

ಬಾಯಿಗೆ ಬಂದದ್ದನ್ನೆಲ್ಲ ಆಡಿದರೆ ಮನೆ ಎರಡಾಗುತ್ತದೆ, ಆಡದೆ ನುಂಗಿದರೆ ಹೊಟ್ಟೆ ಉಬ್ಬುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಯಾರೂ ಓದಬೇಕಾಗಿಲ್ಲ.

ಮಗ ಹಡಗು ಹತ್ತಿದ. ಎಂಜಿನ್ ಕೋಣೆಯ ಕೆಲಸ, ಹೋದರೆ ತಿಂಗಳುಗಟ್ಟಲೆ ನೀರಿನ ಮೇಲೆಯೇ. "ಹೇಗೂ ಅಂಗಡಿ ಮುಚ್ಚಿದ್ದೀಯಲ್ಲಮ್ಮ, ನಾನು ಬರೋವರೆಗೂ ಅವಳ ಜೊತೆ ಇರು" ಅಂದ. ಮಂಡಿ ಕೈಕೊಟ್ಟ ಮೇಲೆ ಹೊಲಿಗೆ ಯಂತ್ರ ತುಳಿಯಲು ಆಗುತ್ತಿರಲಿಲ್ಲ, ಅಂಗಡಿ ಬಿಟ್ಟೆ. ಬಂದೆ. ಬಂದ ಮೇಲೆ ಗೊತ್ತಾಯಿತು, ಜೊತೆ ಬೇಕು ಅಂತ ಸೊಸೆಯೇನೂ ಕೇಳಿರಲಿಲ್ಲ.

ಸೊಸೆ ಮನೆಯಲ್ಲೇ ಕೂತು ದುಡಿಯುವವಳು. ಸಣ್ಣದೊಂದು ಕಂಪನಿಗೆ ಸರ್ಕ್ಯೂಟ್ ಬೋರ್ಡುಗಳ ನಕ್ಷೆ ಮಾಡಿಕೊಡುತ್ತಾಳೆ. ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತರೆ ಮುಗಿಯಿತು, ಮನೆಗೆ ಬೆಂಕಿ ಬಿದ್ದರೂ ಏಳುವವಳಲ್ಲ. ಇವತ್ತು ಮೇಜಿನ ಮೇಲೆ ಇಟ್ಟ ನೀರಿನ ಲೋಟವನ್ನು ಕೈತಾಗಿಸಿ ಬೀಳಿಸಿದಳು. ನಿನ್ನೆ ಬೀಳಿಸಿದ್ದು ಹಾಲಿನ ಲೋಟ. ಎರಡೂ ಅವಳ ಎಡಗಡೆಗೆ, ಕಣ್ಣೆದುರಿಗೇ ಇದ್ದವು. "ಸಾರಿ ಅತ್ತೆ" ಅಂದಳು, ಒರೆಸಿದಳು, ಮತ್ತೆ ಕೂತಳು.

"ಕಣ್ಣಿರೋದು ನೋಡಿಕೊಂಡು ನಡೆಯೋಕೆ" ಅಂದೆ. ಅಷ್ಟು ಮಾತ್ರ ಬಾಯಿ ಮೀರಿ ಬಂತು.

ಫೆಬ್ರವರಿ 26, ಬುಧವಾರ

ನನ್ನ ಗುಂಡಿ ಡಬ್ಬಿಯನ್ನು ಎಡವಿದಳು. ಬಣ್ಣಬಣ್ಣದ ಗುಂಡಿಗಳು ಮಂಚದ ಕೆಳಗೆಲ್ಲ. ಹೆಕ್ಕಿಕೊಡಲು ಬಗ್ಗಿದವಳು ಕಾಲ ಬುಡದಲ್ಲಿದ್ದುದನ್ನು ಬಿಟ್ಟು ದೂರದ್ದನ್ನು ತಡಕುತ್ತಿದ್ದಳು. ಕೆಲಸದ ಧ್ಯಾನ. ಮಹಾರಾಣಿಗೆ ನೆಲ ಕಾಣುವುದಿಲ್ಲ.

ತಂಗಿಗೆ ಫೋನ್ ಮಾಡಿದೆ. ಮಗ ಬಂದ ಮರುದಿನವೇ ಗಂಟುಮೂಟೆ ಕಟ್ಟಿಕೊಂಡು ನಿನ್ನ ಮನೆಗೆ ಬರುತ್ತೇನೆ ಅಂದೆ. "ಆಗಲೇ ಸಾಕಾಯ್ತಾ?" ಅಂದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಕಾಲ ಯಾವಾಗ ಬಂದು ಹೋಯಿತೋ ಗೊತ್ತೇ ಆಗಲಿಲ್ಲ ಅಂದೆ. ಇಬ್ಬರೂ ನಕ್ಕೆವು.

ಮಾರ್ಚ್ 3, ಸೋಮವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸೊಸೆ ಒಳಗಿದ್ದಾಳೆ.

ಬೆಳಿಗ್ಗೆ ಅಡುಗೆಮನೆ ಬಾಗಿಲಿಗೆ ಬಂದು ನಿಂತು, ಹಾಲು ತಂದಿಲ್ಲ ಎಂದು ಹೇಳುವಷ್ಟೇ ಸಮಾಧಾನವಾಗಿ, "ಅತ್ತೆ, ಬಲಗಣ್ಣಲ್ಲಿ ಅರ್ಧಕ್ಕೆ ಪರದೆ ಮುಚ್ಚಿಕೊಂಡಿದೆ. ಈಗಲೇ ಹೋಗ್ಬೇಕು" ಅಂದಳು. ಎಡಗಣ್ಣು ಅವಳಿಗೆ ಚಿಕ್ಕಂದಿನಿಂದಲೂ ಮಂದ, ಬೆಳಕು ನೆರಳು ಬಿಟ್ಟರೆ ಹೆಚ್ಚು ತಿಳಿಯುವುದಿಲ್ಲವಂತೆ. ಅದೂ ನನಗೆ ಇವತ್ತು ಡಾಕ್ಟರ ಮುಂದೆಯೇ ಗೊತ್ತಾದದ್ದು. ಮದುವೆಯಾಗಿ ಇಷ್ಟು ವರ್ಷವಾಯಿತು.

ಕಣ್ಣಿನ ಹಿಂದಿನ ಪೊರೆ ಕಿತ್ತುಕೊಂಡು ಬಂದಿದೆ, ಇವತ್ತೇ ಆಪರೇಷನ್ ಆಗಬೇಕು ಅಂದರು ಡಾಕ್ಟರಮ್ಮ. ಪೊರೆಯನ್ನು ಅಂಟಿಸಿ ಒಳಗೆ ಒಂದು ಗಾಳಿಗುಳ್ಳೆ ಬಿಡುತ್ತಾರಂತೆ. ಗುಳ್ಳೆ ಯಾವಾಗಲೂ ಮೇಲಕ್ಕೆ ತೇಲುತ್ತದೆ. ಅದು ಹಿಂದಿನ ಪೊರೆಯನ್ನು ಒತ್ತಿ ಹಿಡಿಯಬೇಕಾದರೆ ಮುಖ ನೆಲದ ಕಡೆಗೇ ಇರಬೇಕು. ಉಣ್ಣುವಾಗ, ಮಲಗುವಾಗ, ಕೂತಾಗ, ನಿಂತಾಗಲೂ. "ಮನೇಲಿ ನೋಡಿಕೊಳ್ಳೋರು ಯಾರು?" ಅಂತ ಕೇಳಿದರು.

ಅವಳು ನನ್ನ ಕಡೆ ತಿರುಗಲಿಲ್ಲ. ನಾನೇ ಕೈ ಎತ್ತಿದೆ, ಶಾಲೆಯಲ್ಲಿ ಎತ್ತಿದ ಹಾಗೆ.

ಮಾರ್ಚ್ 5, ಬುಧವಾರ

ಮನೆಗೆ ಬಂದೆವು. ಅವಳ ಕೆಲಸದ ಕೋಣೆಗೇ ಮಂಚ ಹಾಕಿದೆ. ತಲೆಯ ಕಡೆ ಎರಡು ದಿಂಬುಗಳ ನಡುವೆ ಸಂದು ಬಿಟ್ಟು, ಮುಖ ಮಂಚದ ಅಂಚಿನಿಂದ ಕೆಳಕ್ಕೆ ಇರುವ ಹಾಗೆ ಮಲಗಿಸಿದ್ದೇನೆ. ಹೊತ್ತುಹೊತ್ತಿಗೆ ಕಣ್ಣಿಗೆ ಔಷಧಿ ಹನಿ. ಗಂಜಿಯನ್ನು ಸ್ಟ್ರಾದಲ್ಲಿ ಕುಡಿಯುತ್ತಾಳೆ. ನನಗೆ ಕಾಣುವುದು ಅವಳ ಬೆನ್ನು, ಜಡೆ, ಹಿಮ್ಮಡಿ. ಬೆನ್ನಿನ ಜೊತೆ ಏನು ಮಾತಾಡುವುದು. "ಬೇಕಾ?" ಅಂದರೆ "ಸಾಕು" ಅನ್ನುತ್ತದೆ ಬೆನ್ನು.

ಮಾರ್ಚ್ 7, ಶುಕ್ರವಾರ

ಕಂಪನಿಯ ಮೇಡಂ ಫೋನ್ ಮಾಡಿದ್ದರು. ಅವಳ ಕೈಯಲ್ಲಿ ಫೋನ್ ಹಿಡಿಯಲಾಗದ್ದರಿಂದ ಸ್ಪೀಕರ್ ಹಾಕಿ ಮಂಚದ ಕೆಳಗಿಟ್ಟೆ.

"ಫ್ಯಾಕ್ಟರಿಯಿಂದ ಫೈಲ್ ವಾಪಸ್ ಬಂದಿದೆ ಕಣ್ರೀ. ಬೋರ್ಡಿಗೆ ಅಂಚೇ ಇಲ್ವಂತೆ. ತೂತುಗಳೆಲ್ಲ ಬೋರ್ಡಿನ ಆಚೆ ಹೋಗಿ ಬಿದ್ದಿವೆಯಂತೆ. ನಿಮ್ಮ ಪರಿಸ್ಥಿತಿ ಗೊತ್ತು, ಒತ್ತಾಯ ಮಾಡ್ತಿಲ್ಲ. ಆದ್ರೆ ಮುಂದಿನ ವಾರದೊಳಗೆ ಸರಿಯಾದ ಫೈಲ್ ಹೋಗದಿದ್ರೆ ಮಕ್ಕಳ ಆಸ್ಪತ್ರೆಯವರು ಇದರ ಪರೀಕ್ಷೆಯನ್ನ ಬರೋ ವರ್ಷಕ್ಕೆ ತಳ್ತಾರೆ. ಬೇರೆಯವರ ಕೈಲಿ ಮೊದಲಿಂದ ಮಾಡಿಸ್ಬೇಕಾಗುತ್ತೆ."

"ನಾನೇ ನೋಡ್ತೀನಿ ಮೇಡಂ" ಅಂದಳು. ಏನನ್ನು ನೋಡುತ್ತಾಳೆ? ಅವಳಿಗೆ ಕಾಣುವುದು ಎರಡು ನೆಲದ ಕಲ್ಲು, ಅದೂ ಮಸುಕು.

ಫೋನಿಟ್ಟ ಮೇಲೆ ಅತ್ತಿದ್ದಾಳೆ. ಮುಖ ಕೆಳಗಿದ್ದುದರಿಂದ ಕಣ್ಣೀರು ಕೆನ್ನೆಗೆ ಇಳಿಯದೆ ನೇರವಾಗಿ ನೆಲಕ್ಕೆ ಬಿದ್ದಿದೆ. ನೆಲ ಒರೆಸಲು ಬಗ್ಗಿದಾಗಲೇ ನನಗೆ ತಿಳಿದದ್ದು. "ಅಳಬಾರದು, ಕಣ್ಣಿಗೆ ಒಳ್ಳೇದಲ್ಲ" ಅಂದೆ.

ಆಮೇಲೆ ಕೇಳಿದೆ, ಅದು ಯಾವುದರ ಬೋರ್ಡು ಅಂತ. ಇಲ್ಲಿಗೆ ಬಂದ ಮೇಲೆ ಮೊದಲ ಸಲ ಕೇಳಿದ್ದು.

"ದಿನ ತುಂಬೋ ಮುಂಚೆ ಹುಟ್ಟಿದ ಕೂಸುಗಳು ನಿದ್ದೇಲಿ ಉಸಿರಾಡೋದನ್ನೇ ಮರೀತಾವೆ ಅತ್ತೆ. ಮೆತ್ತಗೆ ತಟ್ಟಿದ್ರೆ ಸಾಕು, ಜ್ಞಾಪಕ ಬಂದು ಮತ್ತೆ ಉಸಿರಾಡ್ತಾವೆ. ಇದನ್ನ ಒಂದು ಪಟ್ಟಿಯಲ್ಲಿಟ್ಟು ಪಾದಕ್ಕೆ ಕಟ್ಟಿದ್ರೆ, ಉಸಿರು ನಿಂತ ತಕ್ಷಣ ಅದೇ ತಟ್ಟುತ್ತೆ. ನರ್ಸ್ ಬರೋವರೆಗೂ."

ನನ್ನ ಮಗನೂ ತಿಂಗಳು ತುಂಬದೆ ಹುಟ್ಟಿದವನು. ಅದನ್ನು ಅವಳಿಗೆ ಹೇಳಲಿಲ್ಲ. ಹೇಳಬಹುದಿತ್ತು.

"ಫೈಲನ್ನ ಇನ್ಯಾರಿಗಾದ್ರೂ ಕಳಿಸಿ ಸರಿಮಾಡಿಸಿದ್ರಾಯ್ತಪ್ಪ" ಅಂದೆ. "ಅವರ ಸಾಫ್ಟ್‌ವೇರೇ ಬೇರೆ ಅತ್ತೆ. ಅದರಲ್ಲಿ ತೆರೆದ್ರೆ ಅರ್ಧ ಬರುತ್ತೆ, ಅರ್ಧ ಬರಲ್ಲ. ಆಮೇಲೆ ಯಾವ ಅರ್ಧ ಬಂದಿಲ್ಲ ಅಂತ ಹುಡುಕ್ಬೇಕು."

"ಹಾಗಾದ್ರೆ ನಾನು ನೋಡಿ ಹೇಳ್ತೀನಿ, ನೀನು ಕೇಳ್ಕೊಂಡು ಹೇಳು" ಅಂದೆ. ಮೊಬೈಲಿನಲ್ಲಿ ಮಗನ ಫೋಟೋ ನೋಡುವುದು ಬಿಟ್ಟರೆ ನನಗೆ ಪರದೆಯ ಸಹವಾಸವಿಲ್ಲ. ಇಂಗ್ಲಿಷು ಅಕ್ಷರ ಕೂಡಿಸಿ ಓದುವಷ್ಟು ಬರುತ್ತದೆ.

ಮಾರ್ಚ್ 8, ಶನಿವಾರ

ಅವಳ ಕುರ್ಚಿಯಲ್ಲಿ ಕೂತೆ. ಪಕ್ಕದ ಮಂಚದಲ್ಲಿ ಅವಳು ಬೋರಲು.

"ಏನ್ ಕಾಣ್ತಿದೆ?"

"ಬೆಟ್ಟದ ಚಿತ್ರ. ಕೆಳಗೆ ಗಂಟೆ ಹತ್ತೂವರೆ. ಒಂದು ಕಸದ ಬುಟ್ಟಿ."

"ವಾರ್ತೆ ಓದಿದ ಹಾಗೆ ಎಲ್ಲಾನೂ ಓದ್ಬೇಡಿ ಅತ್ತೆ. ಕೇಳಿದ್ದು ಮಾತ್ರ."

ಬೋರ್ಡು ತೆರೆಯುವುದಕ್ಕೇ ಮಧ್ಯಾಹ್ನವಾಯಿತು. ತೆರೆದರೆ ಕಪ್ಪು ಬಯಲಿನಲ್ಲಿ ಕೆಂಪು ದಾರ, ನೀಲಿ ದಾರ, ತಲೆಬುಡ ತಿಳಿಯದ ಸಿಕ್ಕು. ಹಾಗಂತ ಅಂದೆ. "ಸಿಕ್ಕಲ್ಲ ಅತ್ತೆ, ಅವೆಲ್ಲ ಕರೆಂಟ್ ಹೋಗೋ ದಾರಿಗಳು. ಕೆಂಪು ಬೋರ್ಡಿನ ಮೇಲ್ಮೈ, ನೀಲಿ ಕೆಳಮೈ."

"ಅಂದ್ರೆ ಬಟ್ಟೆಗೆ ಒಳಗಿನ ಅಸ್ತರು."

ಬೆನ್ನು ಕುಲುಕಿತು. ನಗುತ್ತಿದ್ದಳು. "ಸರಿ, ಅಸ್ತರು" ಅಂದಳು.

ಅವಳು ಬಿಡಿಸಿ ಹೇಳಿದ ಮೇಲೆ ಒಂದಿಷ್ಟು ತಲೆಗೆ ಹೋಯಿತು. ಪರದೆಯ ಮೇಲೆ ಎಲ್ಲ ಒಟ್ಟಿಗೆ ಕಂಡರೂ ಫ್ಯಾಕ್ಟರಿಗೆ ಕಳಿಸುವಾಗ ಬಿಡಿಬಿಡಿಯಾಗಿ ಕಳಿಸಬೇಕು. ಮೇಲ್ಮೈಗೊಂದು ಫೈಲು, ಕೆಳಮೈಗೊಂದು, ತೂತುಗಳಿಗೊಂದು, ಎಲ್ಲಿ ಕತ್ತರಿಸಬೇಕು ಎನ್ನುವ ಅಂಚಿಗೊಂದು. ಇದಕ್ಕೇ ಎಕ್ಸ್‌ಪೋರ್ಟ್ ಅನ್ನುವುದು. ಅಲ್ಲಿಯವರು ಒಂದರ ಮೇಲೊಂದು ಇಟ್ಟು ಬೋರ್ಡು ಮಾಡುತ್ತಾರೆ. ಪರದೆಯಲ್ಲಿ ಸರಿಯಿದ್ದದ್ದು ಕಳಿಸುವಾಗ ಎಲ್ಲೋ ಕೆಟ್ಟಿದೆ.

ತೋಳು, ಕಾಲರು, ಜೇಬು ಬೇರೆಬೇರೆ ಕತ್ತರಿಸಿ ಬೇರೆ ಊರಿನ ಟೈಲರಿಗೆ ಕಳಿಸಿದ ಹಾಗೆ. ಇಬ್ಬರಿಗೂ ಹೊಂದುವ ಹಾಗೆ ಹೆಸರಿಟ್ಟುಕೊಂಡೆವು. ತೂತಿಗೆ, ಗುಂಡಿ ತೂರಿಸುವ ಕಾಜ. ಅಂಚಿಗೆ ಕತ್ತರಿಗೆರೆ.

ಕಣ್ಣು ಉರಿಯುತ್ತಿದೆ. ದಿನವಿಡೀ ಇದನ್ನು ಹೇಗೆ ನೋಡುತ್ತಾಳೋ.

ಮಾರ್ಚ್ 9, ಭಾನುವಾರ

ಕಾಜಗಳು ಸರಿಹೋದವು.

ಎಕ್ಸ್‌ಪೋರ್ಟ್ ಮಾಡಿದ ಫೈಲುಗಳನ್ನು ಒಂದರ ಮೇಲೊಂದು ಇಟ್ಟು ತೋರಿಸುವ ಬೇರೆ ಪ್ರೋಗ್ರಾಮ್ ಇದೆ. ಅದರಲ್ಲಿ ನೋಡಿದರೆ ಬೋರ್ಡು ಮಧ್ಯದಲ್ಲಿ, ಕಾಜಗಳೆಲ್ಲ ದೂರದಲ್ಲಿ ಗುಂಪಾಗಿ, ಮನೆಯವರ ಮೇಲೆ ಮುನಿಸಿಕೊಂಡು ಜಗಲಿಗೆ ಹೋಗಿ ಕೂತ ಹಾಗೆ.

"ಕಾಜಗಳ ನಡುವಿನ ಅಂತರ ಸರಿಯಿದೆಯಾ? ಇಲ್ಲಾ ಒಂದಕ್ಕೊಂದು ಅಂಟಿಕೊಂಡಿವೆಯಾ?"

"ಅಂತರ ಸರಿಯಾಗೇ ಇದೆ. ಇಡೀ ಗುಂಪೇ ಅತ್ತ ಹೋಗಿದೆ."

"ಹಾಗಾದ್ರೆ ಅಳತೆ ತಪ್ಪಿಲ್ಲ. ಶುರು ಮಾಡೋ ಜಾಗ ತಪ್ಪಿದೆ." ಮುಖ ನೆಲಕ್ಕೆ ಮಾಡಿಕೊಂಡೇ ಹೇಳುತ್ತಿದ್ದಳು, ಅವಳ ತಲೆಯೊಳಗೆ ಆ ಬೋರ್ಡು ಪೂರ್ತಿ ಇದೆ. ಎಲ್ಲ ಫೈಲುಗಳೂ ಅಳೆಯಲು ಬೋರ್ಡಿನ ಮೂಲೆಯಿಂದ ಶುರುಮಾಡಿವೆ, ತೂತಿನ ಫೈಲು ಮಾತ್ರ ಹಾಳೆಯ ಮೂಲೆಯಿಂದ. ಅವಳು ಹೇಳಿದ ಕಡೆ ಹುಡುಕಿದೆ, 'ಒರಿಜಿನ್' ಅನ್ನುವ ಪದ ಸಿಕ್ಕಿತು, ಬದಲಾಯಿಸಿದೆ. ಮತ್ತೆ ಎಕ್ಸ್‌ಪೋರ್ಟ್, ಮತ್ತೆ ತೆರೆದು ನೋಡಿದರೆ ಒಂದೊಂದು ಕಾಜವೂ ಅದರದರ ಗುಂಡಿಯ ಮೇಲೆ ಬಂದು ಕೂತಿದೆ.

"ಕೂತವಾ?"

"ಕೂತವು."

"ಎಲ್ಲಾ?"

"ಎಲ್ಲಾ ಕಣೇ." ಕಣೇ ಅಂದುಬಿಟ್ಟೆ. ಅವಳಿಗೇನೂ ಅನ್ನಿಸಿದ ಹಾಗಿಲ್ಲ.

ಮಾರ್ಚ್ 10, ಸೋಮವಾರ

ಕಂಪ್ಯೂಟರು ಮುಟ್ಟಲಿಲ್ಲ. ಅವಳಿಗೆ ಕುತ್ತಿಗೆ ಹಿಡಿದು, ತಲೆ ಸಿಡಿಯುತ್ತಿತ್ತು. ನೋವಿನ ಮಾತ್ರೆ ಕೊಟ್ಟೆ.

ಮಾತಾಡಿದರೆ ನೋವು ಮರೆಯಬಹುದು ಅನ್ನಿಸಿತು. ಆದರೆ ಬೆನ್ನಿನ ಜೊತೆ ಎಷ್ಟು ಮಾತಾಡುವುದು. ಕೊನೆಗೆ ಚಾಪೆ ತಂದು ಮಂಚದ ಅಂಚಿನ ಕೆಳಗೆ ಹಾಸಿ, ಮಂಡಿ ಹಿಡಿದುಕೊಂಡು ಹೇಗೋ ಮಲಗಿದೆ, ಅಂಗಾತ. ಅವಳ ಮುಖ ನನ್ನ ಮುಖದ ನೇರಕ್ಕೆ, ಒಂದು ಮೊಳ ಮೇಲೆ.

"ಏನ್ ಅತ್ತೆ ಇದು" ಅಂದಳು.

"ಸುಮ್ನಿರು. ಮುಖ ನೋಡದೆ ಮಾತಾಡೋಕೆ ನಂಗೆ ಬರಲ್ಲ."

ಕಣ್ಣು ಕೆಂಪಗೆ ಊದಿತ್ತು. ಮೂಗಿನ ಪಕ್ಕ ಎಳ್ಳಿನಷ್ಟು ಮಚ್ಚೆ ಇದೆ, ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಅವಳಿಗೆ ನಾನು ನೀರೊಳಗಿನ ಮೀನಿನ ಹಾಗೆ ಕಾಣುತ್ತೇನಂತೆ. "ಯಾವ ಮೀನು?" ಅಂದೆ. "ದಪ್ಪ ಮೀನು" ಅಂದಳು. ಮಗ ಏಳನೇ ತಿಂಗಳಲ್ಲಿ ಹುಟ್ಟಿದ ಕಥೆಯನ್ನು ಆಗ ಹೇಳಿದೆ. ಅವನ ಎದೆಯ ಮೇಲೆ ಬೆರಳಿಟ್ಟುಕೊಂಡು ಕೂತಿರುತ್ತಿದ್ದೆ, ಏರಿಳಿತ ನಿಂತರೆ ಪಾದ ತಟ್ಟುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ. ಭಯವೇ ಹೇಳಿಕೊಟ್ಟದ್ದು.

"ಇವರು ಒಂದಿನಾನೂ ಹೇಳಿಲ್ಲ" ಅಂದಳು.

"ಅವನಿಗೆ ಏನು ಜ್ಞಾಪಕ ಇರುತ್ತೆ? ಮಲಗಿದ್ನಲ್ಲ."

ಏಳುವಾಗ ನನ್ನ ಮಂಡಿ ಒಪ್ಪಲಿಲ್ಲ. ಬಾಗಿಲ ಹಿಡಿಕೆ, ಕುರ್ಚಿ, ಮಂಚದ ಕಾಲು, ಎಲ್ಲರ ಸಹಾಯ ತೆಗೆದುಕೊಂಡು ಎದ್ದೆ. ಅವಳು ಬೋರಲು ಮಲಗಿಕೊಂಡೇ ಒಂದು ಕೈ ಚಾಚಿದ್ದಳು.

ಮಾರ್ಚ್ 11, ಮಂಗಳವಾರ

ಕತ್ತರಿಗೆರೆಯ ಕಥೆ. ಇದನ್ನು ಬರೆಯುವುದು ಕಷ್ಟ.

ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಯಾವ ಯಾವ ಲೇಯರ್, ಅಂದರೆ ಪದರ, ಹೋಗಬೇಕು ಅನ್ನುವ ಪಟ್ಟಿ ಇದೆ, ಒಂದೊಂದರ ಮುಂದೂ ಸಣ್ಣ ಚೌಕ. ಒಂದೊಂದಾಗಿ ಓದಿಸಿದಳು. ಕೆಳಗಿನ ಎಡ ಮೂಲೆಯಲ್ಲಿ ಒಂದು ಚೌಕ ಖಾಲಿ ಇತ್ತು. ಅದೇ ಅಂಚಿನದು. "ಟಿಕ್ ಹಾಕೇ ಇಲ್ವಾ ನಾನು" ಅಂತ ತನಗೆ ತಾನೇ ಅಂದುಕೊಂಡಳು. ಹಾಕಿದೆ. ಎಕ್ಸ್‌ಪೋರ್ಟ್ ಮಾಡಿದರೆ ಇನ್ನೊಂದು ತಕರಾರು ಬಂತು, ಅಂಚಿನ ಗೆರೆ ಎಲ್ಲೋ ಬಿಟ್ಟುಹೋಗಿದೆ, ಸುತ್ತು ಪೂರ್ತಿಯಾಗಿಲ್ಲ ಅಂತ.

"ದೊಡ್ಡದು ಮಾಡ್ಕೊಂಡು ಅಂಚಿನ ಮೇಲೇ ಹೋಗಿ ಅತ್ತೆ. ಬೇಲಿ ಸುತ್ತಿದ ಹಾಗೆ."

ಸುತ್ತಿದೆ. ಮೇಲಿನ ಅಂಚು ನೇರ, ಸರಿ. ಬಲಗಡೆ ಸರಿ. ಕೆಳಗೆ ಬಂದು ಎಡಕ್ಕೆ ತಿರುಗುವ ಕಡೆ ಎರಡು ಗೆರೆಗಳ ತುದಿ ಒಂದಕ್ಕೊಂದು ತಾಗಿರಲಿಲ್ಲ. ಕೂದಲೆಳೆಯಷ್ಟು ಸಂದು. ಅಲ್ಲೇ ಪಕ್ಕದಲ್ಲಿ ಒಂದು ಅಕ್ಷರದ ಮೇಲೆ ಇನ್ನೊಂದು ಅಕ್ಷರ ಹತ್ತಿ ಕೂತಿತ್ತು, ಅದನ್ನೂ ಹೇಳಿದೆ.

"ಎಲ್ಲಿ ಅಂದ್ರಿ?"

"ಕೆಳಗೆ, ಎಡ ಮೂಲೆ."

"ಟಿಕ್ ಬಿಟ್ಟುಹೋಗಿದ್ದದ್ದು?"

"ಅದೂ ಕೆಳಗಿನ ಎಡ ಮೂಲೇಲೇ. ಯಾಕೆ?"

ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಲೋಟಗಳು ನೆನಪಾದವು. ಗುಂಡಿ ಡಬ್ಬಿ, ಕಾಲ ಬುಡದ ಗುಂಡಿಗಳು. ಎಲ್ಲ ಎಡಗಡೆಗೆ, ಎಲ್ಲ ಕೆಳಗೆ.

"ಯಾವಾಗಿನಿಂದ?" ಅಂತ ಕೇಳಿದೆ.

"ಬೇಕಾದಷ್ಟು ದಿನ ಆಗಿತ್ತು ಅತ್ತೆ. ಮೊದಲು ಒಂದು ನೆರಳು, ಆ ಮೂಲೇಲಿ. ಬೋರ್ಡ್ ಮುಗಿಸಿ ತೋರಿಸಿದ್ರಾಯ್ತು ಅಂದ್ಕೊಂಡೆ. ಇಷ್ಟು ಬೇಗ ಹರಡುತ್ತೆ ಅಂತ ಗೊತ್ತಿರಲಿಲ್ಲ."

"ಅವನಿಗೆ ಹೇಳಲಿಲ್ವಾ?"

"ಸಮುದ್ರದ ಮಧ್ಯೆ ಇರೋರು ಏನು ಮಾಡೋಕಾಗುತ್ತೆ? ಸುಮ್ನೆ ಕೊರಗ್ತಾರೆ."

"ಮನೇಲಿ ನಾನಿದ್ದೆ."

ಹೇಳಿದಳು. ದೂರುವ ದನಿಯಲ್ಲ, ಇದ್ದದ್ದನ್ನು ಇದ್ದ ಹಾಗೆ. "ಲೋಟ ಬೀಳಿಸಿದ್ದಕ್ಕೇ ನಿಮಗೆ ಬೇಜಾರಾಗಿತ್ತು. ಇದನ್ನೂ ಹೇಳಿ ಇನ್ನಷ್ಟು ತೊಂದರೆ ಯಾಕೆ ಅಂತ."

ಎದ್ದು ಅಡುಗೆಮನೆಗೆ ಹೋದೆ. ನಲ್ಲಿ ಬಿಟ್ಟು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಬಾಗಿಲಲ್ಲೇ ಇದ್ದೆ ನಾನು, ಆ ಹುಡುಗಿಯ ಕಣ್ಣು ಒಂದೊಂದೇ ಎಳೆ ಬಿಚ್ಚುತ್ತಿರುವಾಗ. ಒಂದು ಸಲ "ಯಾಕಮ್ಮ, ಏನಾಯ್ತು?" ಅಂದಿದ್ದರೆ ಸಾಕಿತ್ತು. ಅಷ್ಟು ದೊಡ್ಡ ಮಾತೇನಲ್ಲ.

ವಾಪಸ್ ಬಂದು ಕೂತೆ. "ಗೆರೆ ಸೇರಿಸೋಣ. ಹೇಗೆ ಅಂತ ಹೇಳು" ಅಂದೆ. ಹೇಳಿದಳು. ಒಂದು ತುದಿ ಹಿಡಿದು ಇನ್ನೊಂದರ ಹತ್ತಿರ ಒಯ್ದರೆ ಅದು ತಾನಾಗಿ ಹೋಗಿ ಅಂಟಿಕೊಳ್ಳುತ್ತದೆ. ಎರಡು ಸಲ ತಪ್ಪಿತು. ಅವಸರ ಮಾಡಬೇಡಿ ಅಂದಳು.

ಮಾರ್ಚ್ 12, ಬುಧವಾರ

ಮನೆಯ ಲೋಟಗಳನ್ನೆಲ್ಲ ಬಲಗಡೆಯ ಕಪಾಟಿಗೆ ಎತ್ತಿಟ್ಟೆ. ಅವಳೀಗ ಎಲ್ಲವನ್ನೂ ಸ್ಟ್ರಾದಲ್ಲೇ ಕುಡಿಯುತ್ತಾಳೆ, ಲೋಟ ಕೈಗೆತ್ತಿಕೊಳ್ಳುವುದೇ ಇಲ್ಲ. ಆದರೂ ಇಟ್ಟೆ.

ಮಾರ್ಚ್ 13, ಗುರುವಾರ

ಬೆಳಿಗ್ಗೆ ಫೈಲು ಕಳಿಸಿದೆವು. ಮಧ್ಯಾಹ್ನ ಫ್ಯಾಕ್ಟರಿಯಲ್ಲಿ ಫೈಲು ಪರೀಕ್ಷಿಸುವವರೇ ಫೋನ್ ಮಾಡಿದರು. ನೆಗಡಿಯ ದನಿ. ಅಂಚು ಸರಿ, ತೂತು ಸರಿ, ಆದರೆ ತಾಮ್ರ ಅಂಚಿನವರೆಗೂ ಹರಡಿದೆ, ಕತ್ತರಿಸುವಾಗ ಸುಲಿದುಬರುತ್ತದೆ ಅಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಅಂದೆ. ಅವಳು ಮಾತ್ರ "ಅಯ್ಯೋ, ಹೌದಲ್ಲ" ಅಂದಳು, ಮರೆತ ಸಾಮಾನು ನೆನಪಾದ ಹಾಗೆ. ಗೆರೆಗಳ ನಡುವಿನ ಖಾಲಿ ಜಾಗಕ್ಕೆಲ್ಲ ತಾಮ್ರ ತುಂಬಿರುತ್ತದೆ. ಅಂಚನ್ನು ತಿದ್ದಿದ ಮೇಲೆ ಆ ತಾಮ್ರವನ್ನು ಹೊಸದಾಗಿ ತುಂಬಿಸಬೇಕು. ಇಲ್ಲದಿದ್ದರೆ ಎಕ್ಸ್‌ಪೋರ್ಟಿನಲ್ಲಿ ಹಳೆಯದೇ ಹೋಗುತ್ತದೆ. ತುಂಬಿಸುವುದು ಒಂದೇ ಒತ್ತು. ಒತ್ತಿದೆ. ಪರದೆಯ ಮೇಲೆ ತಾಮ್ರ ಅಂಚಿನಿಂದ ಸುತ್ತಲೂ ಒಂದೇ ಸಮ ಹಿಂದೆ ಸರಿಯಿತು, ದಡದಿಂದ ನೀರು ಸರಿದ ಹಾಗೆ.

ಈ ಸಲ ಕಳಿಸುವ ಮುಂಚೆ ನಾನೇ ಹೇಳಿದೆ, ಇರು, ಒಂದೊಂದೂ ಮತ್ತೆ ನೋಡೋಣ ಅಂತ. ಮೇಲ್ಮೈ, ಅಸ್ತರು, ಕಾಜ, ಕತ್ತರಿಗೆರೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ನಾಲ್ಕು ಮೂಲೆಗೂ ಹೋಗಿ ಬಂದೆ, ಕೆಳಗಿನ ಎಡ ಮೂಲೆಗೆ ಎರಡು ಸಲ.

ಸಂಜೆ ನೆಗಡಿಯವರ ಫೋನ್. "ಎಲ್ಲಾ ಸರಿ ಇದೆ. ಯಾರು ಮಾಡಿದ್ದು?" ಅಂತ ಕೇಳಿದರು.

"ನಮ್ಮತ್ತೆ" ಅಂದಳು ಅವಳು.

"ಸುಳ್ಳು. ಅವಳೇ" ಅಂದೆ ನಾನು. ಅವರು ಸೀನುತ್ತಲೇ ಫೋನ್ ಇಟ್ಟರು.

ಮಾರ್ಚ್ 16, ಭಾನುವಾರ

ಇನ್ನು ತಲೆ ಎತ್ತಬಹುದು ಅಂದರು ಡಾಕ್ಟರಮ್ಮ. ಗುಳ್ಳೆ ಕರಗಲು ಇನ್ನೂ ವಾರಗಳು ಬೇಕು, ಅಲ್ಲಿಯವರೆಗೂ ಎಲ್ಲ ನೀರಿನ ಹಿಂದೆ ಇದ್ದ ಹಾಗೆ. ಪೊರೆ ಅಂಟಿದೆಯಂತೆ, ಅದು ಮುಖ್ಯ.

ಮಗ ಫೋನ್ ಮಾಡಿದ. ರಜೆ ಕೇಳಿ ಮುಂದಿನ ಬಂದರಿನಲ್ಲೇ ಇಳಿದುಬಿಡುತ್ತೇನೆ ಅಂದ. "ಬೇಡ ಕಣೋ, ನಾವಿದ್ದೀವಿ" ಅಂದೆ. "ನಾವು ಅಂದ್ರೆ ಯಾರಮ್ಮ?" ಅಂತ ಕೇಳಿದ. ಇದೆಂಥ ಪ್ರಶ್ನೆ. ಮನೆಯಲ್ಲಿರುವುದು ಇಬ್ಬರೇ ತಾನೇ.

ಅವಳ ಬೆನ್ನಿಗೆ ಎಣ್ಣೆ ತಿಕ್ಕಿದೆ. ಮರಗಟ್ಟಿದ ಹಾಗಿತ್ತು, ಪಾಪ.

ಮಾರ್ಚ್ 28, ಶುಕ್ರವಾರ

ಬೋರ್ಡುಗಳು ಬಂದವು. ಮೇಡಂ ಒಂದನ್ನು ನಮಗೆ ಅಂತ ಕಳಿಸಿದ್ದಾರೆ. ಬಿಸ್ಕತ್ತಿನಷ್ಟು ಚಿಕ್ಕದು, ಹಸಿರು. ಪರದೆಯಲ್ಲಿ ಅಂಗಳದಷ್ಟು ದೊಡ್ಡದಾಗಿ ನೋಡಿದ್ದೆನಲ್ಲ, ಅಂಗೈಯಲ್ಲಿ ಇಟ್ಟುಕೊಂಡಾಗ ನಂಬಿಕೆಯೇ ಬರಲಿಲ್ಲ. ಅವಳಿಗೆ ಸರಿಯಾಗಿ ಕಾಣುವುದಿಲ್ಲ, ಬೆರಳಿನಿಂದ ಅಂಚು ಸವರಿ ಸವರಿ ನೋಡಿದಳು.

ತಂಗಿ ಫೋನ್ ಮಾಡಿದ್ದಳು, ಕೋಣೆ ಖಾಲಿ ಮಾಡಿಸಿದ್ದೀನಿ, ಯಾವಾಗ ಬರ್ತೀಯ ಅಂತ. ಈಗ ಆಗುವುದಿಲ್ಲ, ಬೋರ್ಡಿನ ಕೆಲಸ ಇದೆ ಅಂದೆ. ಆ ಕಡೆಯಿಂದ ಬಹಳ ಹೊತ್ತು ಸದ್ದೇ ಬರಲಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

ಏಪ್ರಿಲ್ 24, ಗುರುವಾರ

ಗುಳ್ಳೆ ಪೂರ್ತಿ ಕರಗಿದೆ. ಆಸ್ಪತ್ರೆಯ ಗೋಡೆಯ ಮೇಲಿನ ಅಕ್ಷರಗಳನ್ನು ದೊಡ್ಡದರಿಂದ ಚಿಕ್ಕದರವರೆಗೆ ಓದುತ್ತ ಬಂದಳು. ಅವಳು ಒಂದೊಂದು ಸಾಲು ಇಳಿದಂತೆ ನಾನೂ ಹಿಂದೆ ನಿಂತು ಮನಸ್ಸಿನಲ್ಲೇ ಓದುತ್ತಿದ್ದೆ. ಕೊನೆಯ ಎರಡು ಸಾಲು ಬಿಟ್ಟರೆ ಎಲ್ಲ ಓದಿದಳು. ಡಾಕ್ಟರಮ್ಮ ಬೆನ್ನು ತಟ್ಟಿದರು.

ಆಮೇಲೆ ಚೌಕಚೌಕ ಗೆರೆಗಳ ಕಾಗದ ತೋರಿಸಿದರು. "ಗೆರೆಗಳು ನೆಟ್ಟಗಿವೆಯಾ?"

"ಇಲ್ಲ" ಅಂದಳು. "ನಡುವೆ ಬಳುಕಿವೆ."

ಕಿತ್ತು ಬಂದ ಪೊರೆ ಮತ್ತೆ ಕೂರುವಾಗ ಹಾಗಾಗುತ್ತದಂತೆ. ತಿಂಗಳು ಕಳೆದಂತೆ ಕಮ್ಮಿಯಾಗಬಹುದು, ಪೂರ್ತಿ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ ಅಂದರು.

ಬಸ್ಸಿನಲ್ಲಿ ಕಿಟಕಿ ಕಡೆಗೆ ಮುಖ ಮಾಡಿ ಕೂತಿದ್ದಳು. ನಮ್ಮ ನಿಲ್ದಾಣ ಹತ್ತಿರ ಬಂದಾಗ ಮೆಲ್ಲಗೆ ಅಂದಳು, "ಗೆರೆ ಎಳೆಯೋದೇ ನನ್ನ ಕೆಲಸ ಅತ್ತೆ."

ಎಲ್ಲ ಸರಿಹೋಗುತ್ತೆ ಅನ್ನಬಹುದಿತ್ತು. ಅದು ನನ್ನ ಕೈಯಲ್ಲಿಲ್ಲ. ಅವಳ ಕೈ ಹಿಡಿದುಕೊಂಡು ಬಸ್ ಇಳಿಸಿದೆ. ಇಳಿದ ಮೇಲೂ ಬಿಡಲಿಲ್ಲ, ಮನೆಯವರೆಗೂ.

ಮೇ 2, ಶುಕ್ರವಾರ

ಮೇಡಂ ಫೋನ್. ಮಕ್ಕಳ ಆಸ್ಪತ್ರೆಯಲ್ಲಿ ಬೋರ್ಡಿನ ಪರೀಕ್ಷೆ ಶುರುವಾಗಿದೆ. ನಿನ್ನೆ ಒಂದು ಹೆಣ್ಣುಕೂಸು ನಿದ್ದೆಯಲ್ಲಿ ಉಸಿರು ಮರೆತಿತ್ತಂತೆ. ನರ್ಸು ಕೋಣೆಯ ಆ ತುದಿಯಲ್ಲಿದ್ದರು. ಓಡಿಬರುವಷ್ಟರಲ್ಲಿ ಪಾದಕ್ಕೆ ಕಟ್ಟಿದ್ದ ಪಟ್ಟಿ ತಟ್ಟಿ, ಕೂಸು ಒಮ್ಮೆ ಮುಖ ಕಿವುಚಿ, ಉಸಿರಾಡಿ, ಮತ್ತೆ ನಿದ್ದೆ ಹೋಗಿತ್ತಂತೆ. ಎಚ್ಚರವೂ ಆಗಲಿಲ್ಲವಂತೆ.

ಅವಳು ಫೋನಿಟ್ಟು ನನಗೆ ಇದನ್ನೆಲ್ಲ ಹೇಳಿ, ಹೇಳಿ ಮುಗಿಸುವಷ್ಟರಲ್ಲಿ ಅಳುತ್ತಿದ್ದಳು. ಈ ಸಲ ಅಳಬೇಡ ಅನ್ನಲಿಲ್ಲ. ನನ್ನ ಭುಜವೂ ಒದ್ದೆಯಾಯಿತು, ಅವಳ ತಲೆಯೂ.

ಮೇ 6, ಮಂಗಳವಾರ

ಬೋರ್ಡನ್ನು ಇನ್ನೂ ಚಿಕ್ಕದು ಮಾಡಿಕೊಡಿ ಅಂತ ಮೇಡಂ ಕೇಳಿದ್ದಾರೆ. ಕೂಸಿನ ಪಾದಕ್ಕೆ ಭಾರವಾಗುತ್ತದಂತೆ. ಇನ್ಯಾರಿಗಾದರೂ ಕೊಡಿ ಅಂತ ಇವಳು ಎರಡು ದಿನ ಅಂದಳು. ಮೇಡಂ, ಕಾಯ್ತೀನಿ ಅಂದರು.

ಇವತ್ತು ಬೆಳಿಗ್ಗೆ ಅವಳೇ ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ನಾನು ತರಕಾರಿ ಹೆಚ್ಚುತ್ತಿದ್ದೆ. ಕುರ್ಚಿ ಎಳೆದ ಸದ್ದು, ಮೌಸಿನ ಸದ್ದು, ಆಮೇಲೆ ಏನೂ ಇಲ್ಲ. ಕಿವಿ ಅತ್ತಲೇ ಇತ್ತು.

"ಅತ್ತೆ, ಸ್ವಲ್ಪ ಬನ್ನಿ."

ಕೈ ಒರೆಸಿಕೊಂಡು ಹೋದೆ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಯೇ ಇಟ್ಟಿದ್ದಳು. ಕಪ್ಪು ಬಯಲಿನಲ್ಲಿ ಒಂದೇ ಒಂದು ಕೆಂಪು ಗೆರೆ ಎಳೆದಿದ್ದಳು.

"ಇದು ನೆಟ್ಟಗಿದೆಯಾ?"

ಹತ್ತಿರ ಬಗ್ಗಿ, ತುದಿಯಿಂದ ತುದಿಗೆ ನೋಡಿದೆ. ಆಮೇಲೆ ನೆನಪಾಗಿ ಕೇಳಿದೆ, "ಅಲ್ವೇ, ಈ ಸಾಫ್ಟ್‌ವೇರು ಗೆರೆನ ಸೊಟ್ಟ ಎಳೆಯೋಕೇ ಬಿಡಲ್ಲ ಅಂತ ನೀನೇ ಹೇಳಿದ್ಯಲ್ಲ?"

"ಹೌದು. ಅದು ನೆಟ್ಟಗೇ ಇರುತ್ತೆ, ನಂಗೊತ್ತು" ಅಂದಳು. ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಆದ್ರೂ ನೀವು ಹೇಳಿ."

ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೂತೆ.

"ನೆಟ್ಟಗಿದೆ ಕಣೇ" ಅಂದೆ.

ಅವಳು ಮುಂದಿನ ಗೆರೆ ಎಳೆದಳು.